ಓದುಗರ ಪ್ರಶ್ನೆ: ಪದಗಳ ಪಟ್ಟಿ ನೆನಪಿನಲ್ಲಿ ಹೇಗೆ ಉಳಿಯುತ್ತದೆ?

ಪ್ರಶ್ನೆ: ಯಾರಾದರೂ ಇಪ್ಪತ್ತು ಪದಗಳನ್ನು ಓದಿ ಹೇಳಿದರೆ ಮೊದಲಿನ ಮೂರ್ನಾಲ್ಕು, ಕೊನೆಯ ಐದಾರು ನೆನಪಾಗುತ್ತವೆ. ನಡುವಿನವು ಮಾತ್ರ ಕೈಕೊಡುತ್ತವೆ. ನಡುವೆ ಗಮನ ತಪ್ಪುವುದೇ ಇದಕ್ಕೆ ಕಾರಣವೇ?

ಉತ್ತರ: ಗಮನ ಪೂರ್ತಿ ಇದ್ದರೂ ಹೀಗೇ ಆಗುತ್ತದೆ. ಪಟ್ಟಿಯ ಎರಡು ತುದಿಗಳು ಉಳಿಯುವುದು ಎರಡು ಬೇರೆ ಕಾರಣಗಳಿಂದ. ನಡುವಿನ ಪದಗಳಿಗೆ ಎರಡೂ ದಕ್ಕುವುದಿಲ್ಲ. ಮೊದಲ ಪದ ಕಿವಿಗೆ ಬಿದ್ದಾಗ ಅದಕ್ಕೆ ಪೈಪೋಟಿ ಇಲ್ಲ, ಮನಸ್ಸಿನಲ್ಲೇ ನಾಲ್ಕಾರು ಸಲ ಹೇಳಿಕೊಳ್ಳಲು ಬಿಡುವಿರುತ್ತದೆ. ಹತ್ತನೆಯದು ಬರುವ ಹೊತ್ತಿಗೆ ಹಿಂದಿನವೂ ಸರದಿಯಲ್ಲಿರುತ್ತವೆ, ಅದರ ಪಾಲಿಗೆ ಒಂದೆರಡು ಸಲ ಸಿಕ್ಕರೆ ಹೆಚ್ಚು. ರಂಡಸ್ ಎಂಬ ಸಂಶೋಧಕ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಬಾಯಿಬಿಟ್ಟೇ ಮನನ ಮಾಡಲು ಹೇಳಿ, ಯಾವ ಪದ ಎಷ್ಟು ಸಲ ಬಂತೆಂದು ಎಣಿಸಿದರು. ಮೊದಲ ಪದಗಳಿಗೆ ಹೆಚ್ಚು ಸಲ ಸಿಕ್ಕಿತ್ತು. ಕೊನೆಯ ಪದಗಳಿಗೆ ಸಿಕ್ಕದ್ದು ತೀರ ಕಡಿಮೆ, ಆದರೂ ಆಗಷ್ಟೇ ಕೇಳಿದ್ದರಿಂದ ಮನಸ್ಸಿನಲ್ಲಿ ಇನ್ನೂ ತಾಜಾ ಇದ್ದು, ಅವು ಚೆನ್ನಾಗಿ ನೆನಪಾದವು.

ಆ ಕೊನೆಯ ಪದಗಳು ಎಷ್ಟು ಸಡಿಲ ಎಂಬುದನ್ನು ಗ್ಲಾಂಜರ್ ಮತ್ತು ಕ್ಯೂನಿಟ್ಜ್ 1966ರಲ್ಲೇ ತೋರಿಸಿದ್ದರು. ಹದಿನೈದು ಪದಗಳ ಪಟ್ಟಿ ಮುಗಿದ ಕೂಡಲೇ ಕೇಳಿದರೆ ಕೊನೆಯವು ಸಲೀಸಾಗಿ ಬಂದವು. 30 ಸೆಕೆಂಡು ಎಣಿಕೆ ಮಾಡಿಸಿ ಕೇಳಿದಾಗ ಆ ಅನುಕೂಲವೆಲ್ಲ ಅಳಿಸಿಹೋಯಿತು. ಮೊದಲಿನ ಪದಗಳಿಗೆ ಏನೂ ಆಗಲಿಲ್ಲ. ಪದಗಳ ನಡುವಿನ ಬಿಡುವು ಹೆಚ್ಚಿಸಿದರೆ ಲಾಭವಾಗುವುದು ಮೊದಲಿನ ಮತ್ತು ನಡುವಿನ ಪದಗಳಿಗೆ, ಕೊನೆಯವಕ್ಕಲ್ಲ. ಹಾಗಾಗಿ ಪಟ್ಟಿ ಓದಿದ ಕೂಡಲೇ ಕಡೆಯ ಐದಾರು ಪದ ಬಂದವೆಂದರೆ ಅವು ಕಲಿತಾಯಿತು ಎಂದುಕೊಳ್ಳಬೇಡಿ.

ಪ್ರಶ್ನೆ: ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದೇ?

ಉತ್ತರ: ಧಾರಾಳವಾಗಿ. ಒಂದಕ್ಕೊಂದು ಸಂಬಂಧವಿಲ್ಲದ, ದಿನಬಳಕೆಯ 15 ನಾಮಪದಗಳ ಪಟ್ಟಿಗಳು ಎಂಟು ಬೇಕು. ಎರಡು ಸೆಕೆಂಡಿಗೆ ಒಂದು ಪದದಂತೆ, ಒಂದೇ ದನಿಯಲ್ಲಿ ಓದಿ. ಫೋನಿನಲ್ಲಿ ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಎನ್ನುವ ಆ್ಯಪ್) ಹಾಕಿಕೊಂಡರೆ ವೇಗ ಏರುಪೇರಾಗುವುದಿಲ್ಲ. ನಾಲ್ಕು ಪಟ್ಟಿಗಳಲ್ಲಿ ಓದು ಮುಗಿದ ತಕ್ಷಣ, ಯಾವ ಕ್ರಮದಲ್ಲಾದರೂ ಸರಿ, ಎರಡು ನಿಮಿಷ ಬರೆಯಲು ಬಿಡಿ. ಇನ್ನು ನಾಲ್ಕರಲ್ಲಿ ಓದು ಮುಗಿದೊಡನೆ 487ರಂಥ ಸಂಖ್ಯೆ ಕೊಟ್ಟು, ಮೂರು ಮೂರು ಕಳೆಯುತ್ತಾ 30 ಸೆಕೆಂಡು ಗಟ್ಟಿಯಾಗಿ ಹೇಳಿಸಿ, ಆಮೇಲೆ ಬರೆಸಿ. ಎರಡು ಬಗೆಯನ್ನೂ ಬೆರೆಸಿ ಕೊಡಬೇಕು. ಎಣಿಸುವ ಪಟ್ಟಿಗಳೆಲ್ಲ ಕೊನೆಗೆ ಬಂದರೆ ದಣಿವಿನ ಪರಿಣಾಮ ಯಾವುದು, ಎಣಿಕೆಯದು ಯಾವುದು ಎಂದು ತಿಳಿಯದು. ಒಟ್ಟು ಅಂಕ ಎಣಿಸಿದರೆ ಪ್ರಯೋಜನವಿಲ್ಲ. 1ರಿಂದ 15ರವರೆಗಿನ ಪ್ರತಿ ಸ್ಥಾನದ ಪದ ಎಷ್ಟು ಸಲ ಬಂತೆಂದು ಗುರುತು ಹಾಕಿ.

ಫಲಿತಾಂಶ ಕೆಡುವುದು ಸಾಮಾನ್ಯವಾಗಿ ಪಟ್ಟಿಯಿಂದಲೇ. ನಡುವೆ ಒಬ್ಬ ಗೆಳೆಯನ ಹೆಸರೋ ಒಂದು ಬೈಗುಳವೋ ಬಂದರೆ ಅದು ಎದ್ದು ಕಾಣುವುದರಿಂದಲೇ ನೆನಪಾಗುತ್ತದೆ. ಫಾನ್ ರೆಸ್ಟಾರ್ಫ್ ಇದನ್ನು 1933ರಷ್ಟು ಹಿಂದೆಯೇ ವಿವರಿಸಿದ್ದರು. ಕಲ್ಲು, ಹಲ್ಲು, ಹುಲ್ಲು, ಬಿಲ್ಲು ಎಂಬ ಪ್ರಾಸಗಳೂ ಬೇಡ. ಒಂದು ಪಟ್ಟಿಯ ಪದ ಇನ್ನೊಂದರಲ್ಲಿ ಬರಲೇಬಾರದು. ಈ ಎಂಟಕ್ಕೂ ಮೊದಲು ಅಭ್ಯಾಸಕ್ಕೆಂದು ಇನ್ನೊಂದು ಪಟ್ಟಿ ಓದಿ, ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಳ್ಳೆಯದು.

ಪ್ರಶ್ನೆ: ಪಟ್ಟಿಯ ಅರ್ಧದಷ್ಟು ಪದಗಳನ್ನು ನಾನೇ ಹೇಳಿಕೊಟ್ಟರೆ ಮಗಳಿಗೆ ಉಳಿದವು ಇನ್ನೂ ಕಡಿಮೆ ಬರುತ್ತವೆ. ಸುಳಿವು ಕೊಟ್ಟರೆ ಸಹಾಯವಾಗಬೇಕಲ್ಲವೇ?

ಉತ್ತರ: ಪಟ್ಟಿಯದೇ ಪದಗಳನ್ನು ಹೇಳಿಕೊಟ್ಟರೆ ತೊಡಕಾಗುವುದೇ ಹೆಚ್ಚು. ಸ್ಲಾಮೆಕಾ 1968ರಲ್ಲಿ ಇದನ್ನು ಕಂಡುಕೊಂಡರು. ಅವಳು ತನ್ನದೇ ದಾರಿ ಹಿಡಿದು ಹುಡುಕುತ್ತಿರುತ್ತಾಳೆ, ನಿಮ್ಮ ಪದಗಳು ಆ ದಾರಿ ತಪ್ಪಿಸುತ್ತವೆ. ಪದದ ಬದಲು ಗುಂಪಿನ ಹೆಸರು ಕೊಡಿ: 'ಹಕ್ಕಿಗಳು ಎರಡು ಉಳಿದಿವೆ' ಎಂದರೆ ಸಾಕು.

ಪ್ರಶ್ನೆ: ಪಟ್ಟಿಯಲ್ಲೇ ಇಲ್ಲದ ಪದವನ್ನು 'ಖಂಡಿತ ಕೇಳಿದ್ದೇನೆ' ಎಂದು ವಾದಿಸಿದೆ. ಇದು ಮರೆವಿನ ಲಕ್ಷಣವೇ?

ಉತ್ತರ: ಅಲ್ಲ, ಆರೋಗ್ಯವಂತರಿಗೂ ಆಗುವಂಥದ್ದು. ಹಾಸಿಗೆ, ದಿಂಬು, ಕನಸು, ಆಕಳಿಕೆ, ಗೊರಕೆ, ಮಂಪರು, ಹೊದಿಕೆ ಎಂದು ಓದಿಸಿ ನೋಡಿ. 'ನಿದ್ದೆ' ಕೂಡ ಇತ್ತೆಂದು ಹಲವರು ಬರೆಯುತ್ತಾರೆ. ಡೀಸ್ 1959ರಲ್ಲಿ ಇಂಥ ಪಟ್ಟಿಗಳನ್ನು ಬಳಸಿದ್ದರು. ರೋಡಿಗರ್ ಮತ್ತು ಮ್ಯಾಕ್‌ಡರ್ಮಟ್ 1995ರಲ್ಲಿ ಮತ್ತೆ ಮಾಡಿದಾಗ ಹೇಳದ ಆ ಪದ, ಪಟ್ಟಿಯ ನಡುವಿನ ಪದಗಳಷ್ಟೇ ಸಲೀಸಾಗಿ ನೆನಪಿಗೆ ಬಂತು. ಖಚಿತವಾಗಿ ಅನಿಸುವುದು ಸಾಕ್ಷ್ಯವಲ್ಲ ಎಂಬುದನ್ನು ಇಷ್ಟು ಸರಳವಾಗಿ ತೋರಿಸುವ ಪ್ರಯೋಗ ಇನ್ನೊಂದು ಸಿಗುವುದು ಕಷ್ಟ.

ಪ್ರಶ್ನೆ: ಹಾಗಾದರೆ ಇಪ್ಪತ್ತು ಪದಗಳನ್ನು ಗಟ್ಟಿಯಾಗಿ ಉಳಿಸಿಕೊಳ್ಳುವುದು ಹೇಗೆ? ಹತ್ತು ಸಲ ಓದಿದರೂ ಮರುದಿನ ಹೋಗಿರುತ್ತವೆ.

ಉತ್ತರ: ಓದುವುದನ್ನು ಎರಡು ಸಲಕ್ಕೆ ನಿಲ್ಲಿಸಿ. ಮೂರನೆಯ ಸಲಕ್ಕೆ ಪದಗಳು ಪರಿಚಿತ ಎನಿಸತೊಡಗುತ್ತವೆ, ಆ ಪರಿಚಯವೇ ನಿಮ್ಮನ್ನು ಮೋಸಗೊಳಿಸುವುದು. ಎದುರಿಗಿರುವ ಪದವನ್ನು ಗುರುತಿಸುವುದು ಬೇರೆ, ಖಾಲಿ ಹಾಳೆಯ ಮೇಲೆ ಅದನ್ನು ಎಳೆದು ತರುವುದು ಬೇರೆ.

ಮೊದಲು ನಾಲ್ಕು ನಾಲ್ಕರಂತೆ ಐದು ಗುಂಪು ಮಾಡಿ. ಟುಲ್ವಿಂಗ್ ಮತ್ತು ಪರ್ಲ್‌ಸ್ಟೋನ್ 1966ರಲ್ಲಿ ಗುಂಪುಗಳ ಹೆಸರು ಕೊಟ್ಟಾಗ, ಮರೆತುಹೋಗಿದ್ದವೆನಿಸಿದ ಎಷ್ಟೋ ಪದಗಳು ಹೊರಬಂದವು. ಪದ ಒಳಗಿದ್ದರೂ ಹಿಡಿಕೆ ಸಿಗದಿದ್ದರೆ ಬರುವುದಿಲ್ಲ. ಆದ್ದರಿಂದ ಐದು ಹೆಸರುಗಳನ್ನೇ ಮೊದಲು ಬಾಯಿಪಾಠ ಮಾಡಿ. ಗುಂಪಿಗೆ ಸೇರದ ಪದಗಳನ್ನು ನೀವೇ ಕಟ್ಟಿದ ಒಂದು ವಾಕ್ಯದಲ್ಲಿ ಪೋಣಿಸಿ.

ಈಗ ಪಟ್ಟಿ ಮುಚ್ಚಿ ಬರೆಯಿರಿ. ತಡವರಿಸಿದರೂ ಒಂದು ನಿಮಿಷ ಕಾಯಿರಿ, ಆಮೇಲೆಯೇ ತೆರೆದು ನೋಡಿ. ತಪ್ಪಿದವನ್ನಷ್ಟೇ ಅಲ್ಲ, ಇಪ್ಪತ್ತನ್ನೂ ಮತ್ತೆ ಬರೆಯಿರಿ. ಒಮ್ಮೆ ಸರಿಬಂದ ಪದವನ್ನು ಅಲ್ಲಿಗೇ ಬಿಟ್ಟರೆ ಮುಂದೆ ಅದೇ ಮೊದಲು ಜಾರುತ್ತದೆ. ಹತ್ತು ನಿಮಿಷದ ನಂತರ, ಮರುದಿನ, ನಾಲ್ಕು ದಿನಕ್ಕೆ, ಹತ್ತು ದಿನಕ್ಕೆ ಹೀಗೇ ಮಾಡಿ. ಪ್ರತಿ ಸಲ ಬೇರೆ ಗುಂಪಿನಿಂದ ಶುರು ಮಾಡಿ. ಇಲ್ಲವಾದರೆ ಮೊದಲ ಗುಂಪಷ್ಟೇ ಗಟ್ಟಿಯಾಗುತ್ತದೆ.

ಕ್ರಮವೂ ಮುಖ್ಯವಾದರೆ ಚಿರಪರಿಚಿತ ದಾರಿಯೊಂದರ ಇಪ್ಪತ್ತು ತಾಣಗಳಲ್ಲಿ ಒಂದೊಂದು ಪದವನ್ನು ಚಿತ್ರವಾಗಿ ಇರಿಸಿ. ಚಿತ್ರ ದೊಡ್ಡದಿರಲಿ, ಹಿನ್ನೆಲೆಯಲ್ಲಿ ಬೆರೆತುಹೋಗದಿರಲಿ. ಮನೋವಿಜ್ಞಾನಿ ಲೂರಿಯಾ ಅಧ್ಯಯನ ಮಾಡಿದ, ಅಸಾಮಾನ್ಯ ನೆನಪಿನ ಷೆರೆಷೆವ್ಸ್ಕಿಯೂ ಕಲ್ಪನೆಯಲ್ಲಿ ಬಿಳಿ ಗೋಡೆಯ ಎದುರು ಇಟ್ಟ ಮೊಟ್ಟೆಯನ್ನು ಕಾಣದೆ ದಾಟಿಹೋಗಿದ್ದರು. 'ನ್ಯಾಯ'ದಂಥ ಪದಕ್ಕೆ ತಕ್ಕಡಿಯ ಚಿತ್ರ ಇಟ್ಟರೆ ಮರುದಿನ 'ತಕ್ಕಡಿ' ಎಂದೇ ಬರೆಯುವ ಅಪಾಯವಿದೆ. ಆ ತಕ್ಕಡಿಯ ಪಕ್ಕ ನ್ಯಾಯಾಧೀಶರನ್ನೂ ನಿಲ್ಲಿಸಿ. ಒಂದೇ ದಾರಿಯಲ್ಲಿ ದಿನವೂ ಹೊಸ ಪಟ್ಟಿ ಇಟ್ಟರೆ ನಿನ್ನೆಯ ಪದಗಳು ಇಂದಿನವುಗಳ ನಡುವೆ ನುಸುಳುತ್ತವೆ. ಮೂರು ದಾರಿಗಳನ್ನು ಸಿದ್ಧಮಾಡಿಕೊಂಡು ಸರದಿಯಂತೆ ಬಳಸಿ.