ಹನ್ನೊಂದು ಲಕ್ಷವೂ ಬೇಕು, ಕಾಯಂ ನೌಕರಿಯೂ ಬೇಕು

ನಾಲ್ಕು ವರ್ಷದ ಮಟ್ಟಿಗೆ ಸೇನೆ ಸೇರುವ ಅಗ್ನಿವೀರರ ಮನೆಗಳಿಂದ ಇದೇ ತೊಡಕು ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದೆ.

ಹುಡುಗ ಆಳಂದ ತಾಲ್ಲೂಕಿನವ. ಸೇನೆಯಲ್ಲಿ ಗಾಡಿ ರಿಪೇರಿ ಕೆಲಸ, ನಾಲ್ಕನೇ ವರ್ಷ. ರಜೆಗೆ ಬಂದಾಗಿನಿಂದ ನಿದ್ದೆಯಿಲ್ಲ, ಮಾತಿಲ್ಲ ಎಂದು ತಂದೆಯೇ ಕಲಬುರಗಿಗೆ, ನನ್ನ ಬಳಿ ಆಪ್ತಸಲಹೆಗೆ ಕರೆತಂದರು. ತೊಗರಿ ಕೈಕೊಟ್ಟ ವರ್ಷ ಮಗಳ ಮದುವೆಗೆ ಮಾಡಿದ ಸಾಲ ಮೈಮೇಲಿತ್ತು. ಮಗನ ಸೇವಾ ನಿಧಿ, ಅಂದರೆ ನಾಲ್ಕು ವರ್ಷದ ಕೊನೆಗೆ ಸಿಗುವ ಇಡಿಗಂಟು, ಬಂದ ಕೂಡಲೇ ತೀರಿಸುವುದಾಗಿ ಸಾಹುಕಾರನಿಗೆ ಮಾತು ಕೊಟ್ಟಿದ್ದರು.

ತಂದೆಯನ್ನು ಹೊರಗೆ ಕೂಡಿಸಿದ ಮೇಲೆ ಹುಡುಗ ಬಾಯಿಬಿಟ್ಟ: "ಕಾಯಂ ಆಗಲಿಕ್ಕೆ ನಾ ಅರ್ಜಿನೇ ಹಾಕಂಗಿಲ್ರಿ. ಆಯ್ಕೆ ಆದ್ರ ಅಪ್ಪನ ಮಾತು ಹೋಗ್ತದ."

ಅವನ ಲೆಕ್ಕ ಸರಿಯಿತ್ತು. 2022ರ ಅಗ್ನಿಪಥ ಯೋಜನೆಯಂತೆ ತಿಂಗಳ ಸಂಬಳದ ಶೇ. 30 ನಿಧಿಗೆ ಹೋಗುತ್ತದೆ: ಮೊದಲ ವರ್ಷ 9,000, ಕೊನೆಯ ವರ್ಷ 12,000 ರೂಪಾಯಿ. ನಾಲ್ಕು ವರ್ಷಕ್ಕೆ 5.02 ಲಕ್ಷ. ಸರ್ಕಾರ ಅಷ್ಟೇ ಹಾಕುತ್ತದೆ. ಬಡ್ಡಿ ಸೇರಿ ಸುಮಾರು 11.71 ಲಕ್ಷ. ಆದರೆ ಇಷ್ಟೂ ಸಿಗುವುದು ನಾಲ್ಕು ವರ್ಷ ಮುಗಿಸಿ ಹೊರಬಂದವನಿಗೆ. ಕಾಯಂ ಆದವನಿಗೆ ತನ್ನ ಪಾಲು ಮತ್ತು ಅದರ ಬಡ್ಡಿ ಮಾತ್ರ.

ತಂದೆಯನ್ನು ಒಳಕರೆದು ಇದನ್ನೇ ಹಾಳೆಯ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ನೌಕರಿನೂ ಉಳೀತದ, ರೊಕ್ಕನೂ ಬರ್ತದ ಅಂತ ತಿಳಕೊಂಡಿದ್ನಲ್ರೀ" ಎಂದರು. ಮಗನ ಕಡೆ ತಿರುಗಿ, "ಇದಕ್ಕಾ ತಮ್ಮಾ, ಊಟ ಬಿಟ್ಟಿದ್ದಿ?" ಹುಡುಗ ಅತ್ತ.

ಅರ್ಜಿ ಹಾಕು ಎಂದು ನೇರವಾಗಿ ಹೇಳಿದೆ. ಆಪ್ತಸಲಹೆಗಾರರು ಹೀಗೆ ನಿರ್ಧಾರ ಹೇಳಬಾರದು ಎನ್ನುವವರಿದ್ದಾರೆ. ಅವನಿಗೆ ಸೇನೆ ಬೇಡವಾಗಿದ್ದರೆ ನಾನೂ ಹೇಳುತ್ತಿರಲಿಲ್ಲ. ಸೇನೆ ಬೇಕು, ಕೈಯಲ್ಲಿ ಕಸುಬಿದೆ, ಬಿಡಿಸುತ್ತಿದ್ದದ್ದು ಮತ್ತೊಬ್ಬರ ಸಾಲ. ಕಾಯಂ ಆದರೆ ಮುಂದೆ ಕನಿಷ್ಠ 15 ವರ್ಷದ ಸೇವೆ, ಸಂಬಳ, ಪಿಂಚಣಿ. ಇಂಜಿನ್ ಬಿಚ್ಚಿ ಕೂಡಿಸಲು ಕಲಿಸಿದ ಹುಡುಗನನ್ನು ಕಳೆದುಕೊಂಡರೆ ಸೇನೆಗೂ ನಷ್ಟವೇ.

ತಂದೆಗೆ ಹೇಳಿದ್ದು: ನಿಧಿಯ ಹೆಸರಲ್ಲಿ ಇನ್ನೊಂದು ರೂಪಾಯಿ ಎತ್ತಬೇಡಿ. ಮಗನ ಪಾಲಿನ ಐದು ಲಕ್ಷವನ್ನಷ್ಟೇ ಎಣಿಸಿ, ಉಳಿದದ್ದಕ್ಕೆ ಕಂತು ಕೇಳಿ. ಮಗನಿಗೇ ಸಾಹುಕಾರನ ಎದುರು ಮಾತಾಡಲು ಬಿಡಬೇಡಿ, ನೀವೇ ಹೋಗಿ.

ಆಯ್ಕೆ ಗರಿಷ್ಠ ಶೇ. 25 ಮಂದಿಗೆ ಮಾತ್ರ. ಆಗದಿದ್ದರೆ ಅದು ಅವನ ಯೋಗ್ಯತೆಯ ತೀರ್ಪಲ್ಲ, ಜಾಗವೇ ಅಷ್ಟು. ಊರಲ್ಲಿ "ವಾಪಸ್ ಕಳಿಸ್ಯಾರ" ಎನ್ನುವ ಮೊದಲ ಬಾಯಿ ಮನೆಯದ್ದಾಗಬಾರದು ಎಂದು ತಂದೆಗೆ ಖಡಾಖಂಡಿತ ಹೇಳಿದೆ. ಹೊರಬಂದರೆ ಮಾಜಿ ಸೈನಿಕರ ಸ್ಥಾನಮಾನ ಇರುವುದಿಲ್ಲ. ನೌಕರಿಯಲ್ಲಿ ಅವರಿಗಿರುವ ಕೋಟಾ ನಂಬಿ ಕೂಡಬಾರದು. ಸೇನೆ ಕೊಡುವ ಕೌಶಲ ಪ್ರಮಾಣಪತ್ರದಲ್ಲಿ ತನ್ನ ಕೆಲಸ ಸರಿಯಾಗಿ ನಮೂದಾಗಿದೆಯೇ ಎಂದು ಘಟಕ ಬಿಡುವ ಮೊದಲೇ ನೋಡಿಕೊಳ್ಳಬೇಕು. ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡಿಸುವ 371ಜೆ ಅರ್ಹತಾ ಪತ್ರ ಇಲ್ಲದಿದ್ದರೆ ಈ ರಜೆಯಲ್ಲೇ ಸಹಾಯಕ ಆಯುಕ್ತರ ಕಚೇರಿಯಿಂದ ಮಾಡಿಸಿಕೊಳ್ಳಲು ಹೇಳಿ ಕಳಿಸಿದೆ.