ಕಂಪ್ಯೂಟರ್ ಮುಟ್ಟದೆಯೂ ಸೈಬರ್ ಅಪರಾಧವೇ?

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ವಿಡಿಯೊ ಕಾಲ್‌ನಲ್ಲಿ ಪೊಲೀಸ್ ವೇಷದವನೊಬ್ಬ ಹೆದರಿಸಿದ. ನಾನೇ ಬ್ಯಾಂಕಿಗೆ ಹೋಗಿ ಹಣ ಕಳಿಸಿದೆ. ಯಾರೂ ನನ್ನ ಕಂಪ್ಯೂಟರ್ ಮುಟ್ಟಿಲ್ಲ, ಪಾಸ್‌ವರ್ಡ್ ಕದ್ದಿಲ್ಲ. ಇದೂ ಸೈಬರ್ ಅಪರಾಧವೇ? ವಾರವಾಯಿತು, ನಾಚಿಕೆಯಿಂದ ಪೊಲೀಸರ ಹತ್ತಿರ ಹೋಗಿಲ್ಲ.’

ಹೌದು ಮೇಷ್ಟ್ರೇ, ಇದೂ ಅದೇ. ಫೋನ್, ಕಂಪ್ಯೂಟರ್ ಬಳಸಿ ಬೇರೆಯವರ ಸೋಗು ಹಾಕಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಹ್ಯಾಕಿಂಗ್, ವೈರಸ್ ಬಿಡುವುದು, ಫೋಟೊ ತಿರುಚಿ ಬೆದರಿಸುವುದು ಎಲ್ಲ ಸೈಬರ್ ಅಪರಾಧಗಳೇ. ಆದರೆ ನಮಗೆ ಬರುವ ಪತ್ರಗಳಲ್ಲಿ ಜಾಸ್ತಿ ಕಾಣುವುದು ನಿಮ್ಮಂಥ ಕಥೆಯೇ. ಕಳ್ಳರು ಒಡೆಯುವುದು ಕಂಪ್ಯೂಟರನ್ನಲ್ಲ, ಧೈರ್ಯವನ್ನು.

‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಅನ್ನುತ್ತಾರೆ. ಆಧಾರ್ ನಂಬರನ್ನೂ ಸರಿಯಾಗಿ ಹೇಳುತ್ತಾರೆ. ‘ಕಾಲ್ ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’ ಅಂತ ತಾಕೀತು ಬೇರೆ. ಇಡೀ ಆಟ ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ಪಕ್ಕದಲ್ಲಿ ಮಗಳೋ ಅಳಿಯನೋ ಇದ್ದಿದ್ದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತಿತ್ತು, ಅಲ್ವಾ? ಹೀಗೆ ವಿಡಿಯೊ ಕಾಲ್‌ನಲ್ಲೇ ಬಂಧಿಸಿಡುವ ‘ಡಿಜಿಟಲ್ ಅರೆಸ್ಟ್’ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ನಾಚಿಕೆ ಬಿಡಿ. ಏನೂ ಮಾಡದೆ ಸುಮ್ನೆ ಕೂತವರ ಹಣವೂ ಹೋಗಿದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬಂದವು. ಅವರಿಗೆ ಒಂದು ಓಟಿಪಿಯೂ ಬಂದಿರಲಿಲ್ಲ. (ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಇವತ್ತೇ ಮಾಡಿಬಿಡಿ.)

ನೀವು ಕಳಿಸಿದ ಹಣ ಒಂದೇ ಖಾತೆಯಲ್ಲಿ ಕೂತಿರುವುದಿಲ್ಲ. ಅಲ್ಲಿಂದ ಹತ್ತಾರು ಬಾಡಿಗೆ ಖಾತೆಗಳಿಗೆ ಹಂಚಿಹೋಗುತ್ತದೆ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಟ್ಟ ಕಾಲೇಜು ಹುಡುಗರ ಖಾತೆಗಳೂ ಅದರಲ್ಲಿರುತ್ತವೆ. ಆಮೇಲೆ ಪೊಲೀಸರು ಮೊದಲು ಬಾಗಿಲು ತಟ್ಟುವುದು ಆ ಹುಡುಗರ ಮನೆಯದನ್ನೇ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅನ್ನುವುದು ಇದಕ್ಕೇ. ವಹಿವಾಟಿನ ನಂಬರ್ ಕೊಟ್ಟರೆ, ಇನ್ನೂ ಡ್ರಾ ಆಗದ ಹಣವನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ.

ವಾರವಾಗಿದ್ದರಿಂದ ಎಷ್ಟು ಸಿಗುತ್ತದೋ ಹೇಳಲಾಗದು. ಆದರೂ ಇವತ್ತೇ 1930ಕ್ಕೆ ದೂರು ಕೊಡಿ. ಬ್ಯಾಂಕಿನ ರಸೀದಿ, ಸ್ಟೇಟ್‌ಮೆಂಟ್ ತೆಗೆದುಕೊಂಡು ತುಮಕೂರಿನ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ವಾಟ್ಸ್ಆ್ಯಪ್ ಚಾಟ್ ಅಳಿಸಬೇಡಿ. ಇನ್ನೊಂದು ವಿಷಯ: ‘ಕಳೆದುಕೊಂಡ ಹಣ ಕೊಡಿಸುತ್ತೇವೆ, ಫೀಸ್ ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

– ಸಂಪಾದಕ