ಹದಿನೈದು ವರ್ಷ ಕೂತು ಪಟ್ಟಿ ಮಾಡಿದ ನನ್ನ ನಾಣ್ಯ ಸಂಗ್ರಹದ ವಿವರಗಳೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿವೆ. ಪೆನ್‌ಡ್ರೈವಿಗೆ ಒಂದು ಕಾಪಿ ಹಾಕಿಟ್ಟರೆ ಸಾಕೇ?

ಸಾಲದು. ಹದಿನೈದು ವರ್ಷ ಕೂತು ಮಾಡಿದ ಪಟ್ಟಿ ಅಂದಿದ್ದೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಕಲಬುರಗಿಯವನು, ಬಹಮನಿ ನಾಣ್ಯಗಳನ್ನು ಕೂಡಿಡುತ್ತೇನೆ.

ನಾಲ್ಕು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ ಕಂಪ್ಯೂಟರ್ ಏಳಲಿಲ್ಲ. ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ರಿಪೇರಿಗೆ ಒಯ್ದೆ. ಅಲ್ಲಿನ ಹುಡುಗ ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು, "ಟಕ್ ಟಕ್ ಅನ್ಲಿಕತ್ತದ್ರಿ, ಇದರಾಗಿಂದು ಬರೋದು ಕಷ್ಟ ಅದ" ಅಂದ. ಬರಲೂ ಇಲ್ಲ.

ಮನೆಗೆ ಬಂದು ನಾಣ್ಯದ ಡಬ್ಬಿ ತೆಗೆದು ಪಟ್ಟಿಯನ್ನು ಮತ್ತೆ ಮೊದಲಿನಿಂದ ಬರೆಯಲು ಕೂತೆ. ಬಹಮನಿ ಸುಲ್ತಾನ ಫಿರೋಜ್ ಶಾಹನ ಬೆಳ್ಳಿ ನಾಣ್ಯ, ಟಂಕ: ತೂಗಿದೆ, 10.9 ಗ್ರಾಂ. ಅಹ್ಸನಾಬಾದ್, ಅಂದರೆ ನಮ್ಮ ಕಲಬುರಗಿಯದೇ ಟಂಕಸಾಲೆ. ಹಿಜರಿ (ಇಸ್ಲಾಮಿ ಪಂಚಾಂಗದ) ವರ್ಷ ಇರಬೇಕಾದ ಅಚ್ಚಿನ ಅಂಚು ನಾಣ್ಯದಿಂದ ಹೊರಗೇ ಉಳಿದಿದೆ. ಇಷ್ಟನ್ನು ನಾಣ್ಯವೇ ಹೇಳಿತು. ಅದು ಯಾವ ಊರಿನ ಯಾವ ಮನೆಯ ಗಂಟಿನಲ್ಲಿತ್ತು ಅನ್ನುವುದು ಎಕ್ಸೆಲ್‌ನ ಆ ಒಂದು ಸಾಲಿನಲ್ಲಿ ಮಾತ್ರ ಇತ್ತು. ಕೊಟ್ಟ ಅಜ್ಜ ಆಗಲೇ ತೀರಿಕೊಂಡಿದ್ದರು. ಮಗನಿಗೆ ಫೋನ್ ಮಾಡಿದೆ, ಅವನಿಗೂ ಗೊತ್ತಿರಲಿಲ್ಲ. 'ಎಲ್ಲಿಂದ ಬಂತು' ಅನ್ನುವ ಕಾಲಂ ಇವತ್ತಿಗೂ ಖಾಲಿ ಇದೆ.

ಈಗ ನನ್ನ ಹತ್ತಿರ ಯಾವಾಗಲೂ ಮೂರು ಪ್ರತಿ ಇರುತ್ತವೆ. ಒಂದು ಕಂಪ್ಯೂಟರಿನಲ್ಲಿ. ಇನ್ನೊಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಅಮಾವಾಸ್ಯೆಗೊಮ್ಮೆ ಜೋಡಿಸಿ, ಕಾಪಿ ಮುಗಿದ ಕೂಡಲೇ ಕಳಚಿ ಅಲಮಾರಿಗೆ ಇಡುತ್ತೇನೆ. ಸದಾ ಚುಚ್ಚಿಯೇ ಇಟ್ಟರೆ ವೋಲ್ಟೇಜ್ ಏರಿದಾಗ ಎರಡೂ ಒಟ್ಟಿಗೆ ಸುಡಬಹುದು, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಎರಡಕ್ಕೂ ಬೀಗ ಬೀಳುತ್ತದೆ. ಮೂರನೆಯದು ಬೀದರಿನಲ್ಲಿ ತಮ್ಮನ ಮನೆಯಲ್ಲಿ. ದಸರೆಗೆ, ಯುಗಾದಿಗೆ ಹೋದಾಗ ಹೊಸ ಡಿಸ್ಕ್ ಕೊಟ್ಟು ಹಳೆಯದನ್ನು ತರುತ್ತೇನೆ. ಗೂಗಲ್ ಡ್ರೈವಿನಲ್ಲೂ 15 ಜಿಬಿ ಪುಕ್ಕಟೆ ಸಿಗುತ್ತದೆ, ಬಳಸಿ. ಆದರೆ ಸಿಂಕ್ ಹಾಕಿದ್ದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಪೆನ್‌ಡ್ರೈವ್ ಒಯ್ಯಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕೆ ಅದನ್ನು ನೆಚ್ಚಬೇಡಿ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಇಟ್ಟುಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ನಾಣ್ಯದ ಮೇಲಿನ ಅಕ್ಷರಗಳ ಅಂಚು ಮಸುಕಾಗುತ್ತದೆ.

ಕನ್ನಡದಲ್ಲಿ ಬರೆದಿಡುವವರಿಗೆ ಇನ್ನೊಂದು ಮಾತು. ಹಳೆಯ ಪಟ್ಟಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಇವತ್ತೇ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್‌ಗೆ ಬದಲಾಯಿಸಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಬರೀ ಗೋಜಲಾಗಿ ಕಾಣುತ್ತದೆ. ಎಕ್ಸೆಲ್ ಫೈಲಿನ ಜೊತೆ ಸಿಎಸ್‌ವಿ (ಎಕ್ಸೆಲ್ ಇಲ್ಲದೆಯೂ ತೆರೆಯುವ ಬರೀ ಪಠ್ಯದ ಪಟ್ಟಿ) ಪ್ರತಿಯನ್ನೂ ಇಡಿ, ಆದರೆ 'ಸಿಎಸ್‌ವಿ ಯುಟಿಎಫ್-8' ಅನ್ನುವುದನ್ನೇ ಆರಿಸಿ. ಮೊದಲ ಸಲ ನಾನು ಬರೀ ಸಿಎಸ್‌ವಿ ಎಂದು ಉಳಿಸಿದ್ದೆ. ತಮ್ಮನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ ಕನ್ನಡ ಇದ್ದ ಕಡೆಯೆಲ್ಲ ಪ್ರಶ್ನೆ ಚಿಹ್ನೆಗಳ ಸಾಲು. ಅವತ್ತು ತೆರೆದು ನೋಡದೇ ಇದ್ದಿದ್ದರೆ ಬ್ಯಾಕಪ್ ಇದೆ ಎಂದು ನಂಬಿ ಕೂತಿರುತ್ತಿದ್ದೆ. ನೀವೂ ಕಾಪಿ ಮಾಡಿದ ಮೇಲೆ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು, ನಡುವಿನ ಯಾವುದಾದರೂ ಹತ್ತು ನಾಣ್ಯಗಳ ಸಾಲು ಮತ್ತು ಫೋಟೊ ತಾಳೆಯಾಗುತ್ತವೆಯೇ ನೋಡಿ.